ಹೊಳಲ್ಕೆರೆಯಲ್ಲಿ ಸ್ಕಾಟ್ಲೆಂಡಿನ ಒಂದು ವರ್ಷ

ಬೆನ್ ಎಂಬ ಮನುಷ್ಯ ಸ್ಕಾಟ್ಲೆಂಡಿನಲ್ಲಿ ಬಹಳ ದೊಡ್ಡವನಿರಬೇಕು ಎಂದು ನಾವು ಮೊದಲ ವಾರದಲ್ಲೇ ತೀರ್ಮಾನಿಸಿದ್ದೆವು. ಸುದ್ದಿ ಓದುವವರು ದಿನ ಬಿಟ್ಟು ದಿನ ಅವನ ಹೆಸರೆತ್ತುತ್ತಿದ್ದರು. ಅವನ ತಲೆಯ ಮೇಲೆ ಹಿಮ ಬಿದ್ದಿತ್ತು. ಅವನ ಹತ್ತಿರ ಹೋದ ಇಬ್ಬರು ದಾರಿ ತಪ್ಪಿದ್ದರು. ಒಮ್ಮೆ ಅವನಿಗಾಗಿ ಹೆಲಿಕಾಪ್ಟರೇ ಹೊರಟಿತ್ತು. ಹೊಸದುರ್ಗದಿಂದ ಬರುತ್ತಿದ್ದ ಹುಡುಗಿ ‘ವ್ಯಕ್ತಿಗಳು’ ಎಂಬ ಕಾಲಂನಲ್ಲಿ ಅವನ ಹೆಸರನ್ನು ಹದಿಮೂರು ಸಲ ತುಂಬಿ, ಇವನು ಎಮ್ಮೆಲ್ಲೆಯೋ ಸ್ವಾಮಿಗಳೋ ಎಂದು ನನ್ನನ್ನು ಕೇಳಿದಳು. ಮುಖ ತೋರಿಸದಷ್ಟು ದೊಡ್ಡವನು ಎಂದು ನಾನು ಹೇಳಿದೆ.

ನಮ್ಮ ಕೆಲಸ ಇಷ್ಟು. ಸ್ಕಾಟ್ಲೆಂಡಿನ ಒಂದು ಟೆಲಿವಿಷನ್ ಕಂಪನಿ ತನ್ನ ಹಳೆಯ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿತ್ತು. ಅದರಲ್ಲಿ ಒಂದೇ ಒಂದು ವರ್ಷ, ಬಣ್ಣದ ಟೀವಿ ಬಂದು ಬಹಳ ದಿನವಾಗಿದ್ದ ಆದರೆ ಮೊಬೈಲ್ ಇನ್ನೂ ಬಂದಿರದ ಒಂದು ವರ್ಷ, ಬೆಂಗಳೂರಿನ ಗುತ್ತಿಗೆದಾರರ ಮೂಲಕ ನಮ್ಮ ಪಾಲಿಗೆ ಬಂದಿತ್ತು. ಆ ವರ್ಷ ಪ್ರಸಾರವಾದ ಸುದ್ದಿ, ಹವಾಮಾನ, ಆಟ, ಹಾಡು, ಕೃಷಿ ಕಾರ್ಯಕ್ರಮ ಎಲ್ಲವನ್ನೂ ನೋಡಿ, ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಏನಿದೆ, ಯಾರು ಮಾತಾಡುತ್ತಾರೆ, ಯಾವ ಭಾಷೆ, ಯಾವ ವಿಷಯ ಎಂದು ತುಂಬಿ, ಕೊನೆಗೆ ಇಂಗ್ಲಿಷಿನಲ್ಲಿ ಎರಡು ಸಾಲಿನ ಸಾರಾಂಶ ಬರೆಯಬೇಕು. ಮಾತನ್ನು ಕೇಳಿ ಅಕ್ಷರಕ್ಕಿಳಿಸಲು ಒಂದು ಯಂತ್ರವಿತ್ತು. ಅದು ಮೊದಲೇ ಬರೆದಿಟ್ಟಿದ್ದನ್ನು ನಾವು ತಿದ್ದಬೇಕು. ಗುಟ್ಟು ಕಾಪಾಡುವ ಕರಾರು ಇದ್ದುದರಿಂದ ಫೋನುಗಳನ್ನು ಬಾಗಿಲ ಬಳಿಯ ಪೆಟ್ಟಿಗೆಯಲ್ಲಿಟ್ಟು ಒಳಗೆ ಬರಬೇಕು. ಕಂಪ್ಯೂಟರಿನಲ್ಲಿ ಬೇರೆ ಏನನ್ನೂ ಹುಡುಕಲು ಬರುತ್ತಿರಲಿಲ್ಲ.

ಹೊಳಲ್ಕೆರೆ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಮೋಟಾರ್ ವೈಂಡಿಂಗ್ ಅಂಗಡಿಯ ಮಾಳಿಗೆಯ ಮೇಲೆ ನಮ್ಮ ಕೋಣೆ. ನಾನೂ ಸೇರಿ ಏಳು ಜನ ಹೆಂಗಸರು. ಹೆಚ್ಚಿನವರು ಸಿರಿಗೆರೆಯಲ್ಲೋ ಚಿತ್ರದುರ್ಗದಲ್ಲೋ ಡಿಗ್ರಿ ಮುಗಿಸಿದವರು, ಎಲ್ಲರೂ ಬಸ್ಸಿನ ಗಿರಾಕಿಗಳು. ಉಸ್ತುವಾರಿ ನನ್ನದು. ಕೆಳಗೆ ಪಂಪಿನ ಮೋಟಾರ್ ಪರೀಕ್ಷೆಗೆ ಓಡಿಸಿದಾಗಲೆಲ್ಲ ಮೇಲೆ ಸ್ಕಾಟ್ಲೆಂಡು ಗಡಗಡ ನಡುಗುತ್ತಿತ್ತು.

ಹತ್ತು ದಿನಕ್ಕೊಂದು ಬ್ಯಾಚು ಕಳಿಸಬೇಕು. ಅಲ್ಲಿ ಕೂತ ಪರಿಶೀಲಕಿ, ಅದೇ ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತಳಾದ ಹೆಂಗಸಂತೆ, ಹತ್ತಕ್ಕೊಂದು ಫೈಲು ತೆರೆದು ನೋಡುತ್ತಾಳೆ. ತಪ್ಪು ಹೆಚ್ಚಿದ್ದರೆ ಇಡೀ ಬ್ಯಾಚು ವಾಪಸ್ಸು. ಮೂರು ಬ್ಯಾಚು ವಾಪಸ್ಸಾದರೆ ಕೆಲಸ ಬೇರೆ ಊರಿಗೆ ಹೋಗುತ್ತದೆ, ಕೋಣೆಗೆ ಬೀಗ ಬೀಳುತ್ತದೆ. ಇದನ್ನು ಬೆಂಗಳೂರಿನ ಮ್ಯಾನೇಜರು ಪ್ರತಿ ಸೋಮವಾರ ಫೋನಿನಲ್ಲಿ ಮಂತ್ರದ ಹಾಗೆ ಹೇಳುತ್ತಿದ್ದರು.

ಮೊದಲ ಬ್ಯಾಚು ವಾಪಸ್ಸಾಯಿತು. ಪರಿಶೀಲಕಿಯ ಟಿಪ್ಪಣಿ ಒಂದೇ ಸಾಲು: ಬೆನ್ ಎಂದರೆ ಅವರ ಕಡೆ ಬೆಟ್ಟ.

ಹೊಸದುರ್ಗದವಳು ಆ ದಿನ ಊಟದ ಡಬ್ಬಿ ತೆರೆಯಲಿಲ್ಲ. ನಾನು ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ಅವರ ಮಾತು ನಮ್ಮ ಅರ್ಥ ಎಂದು ಎರಡು ಪಟ್ಟಿ ಮಾಡಿದೆ. ‘ವೀ’ ಅಂದರೆ ನಾವಲ್ಲ, ಪುಟ್ಟದು. ‘ಲಾಖ್’ ಅಂದರೆ ಲಕ್ಷವಲ್ಲ, ಸರೋವರ. ಮಳೆಗೇ ಎಂಟು ಸಾಲು ಬೇಕಾಯಿತು. ವಿಷಯಪಟ್ಟಿಯಲ್ಲಿ ಜಿನುಗು, ತುಂತುರು, ಇಬ್ಬನಿಯಂಥದ್ದು, ಕಡಲಿಂದ ಬರುವ ಮಂಜು ಎಂದು ಬೇರೆ ಬೇರೆ ಆಯ್ಕೆಗಳಿದ್ದವು. ನಾವು ಎಲ್ಲದಕ್ಕೂ ‘ಮಳೆ’ ಎಂದು ಒತ್ತಿದ್ದೆವು. ಹಿರಿಯೂರಿನಿಂದ ಬರುವವಳಿಗೆ ಆ ಹವಾಮಾನ ವರದಿ ನೋಡಿದರೆ ಸಂಕಟವೇ ಆಗುತ್ತಿತ್ತು.

‘ಇದ್ರಾಗಿಂದು ಒಂದ್ ವಾರದ್ದು ನಮ್ಮ ಮಾರಿಕಣಿವೆ ಡ್ಯಾಮಿಗೆ ಬಿಟ್ಟಿದ್ರೆ ಕೋಡಿ ಬೀಳೋದು ಮೇಡಂ,’ ಎಂದಳು. ‘ಇವರು ನೋಡಿದ್ರೆ ಬೈಯ್ಕಂತ ಕುಂತವ್ರೆ.’

ಎರಡನೆಯ ಬ್ಯಾಚಿನಲ್ಲಿ ನಾವು ಬೆಟ್ಟಗಳನ್ನೆಲ್ಲ ಸರಿ ಮಾಡಿದೆವು. ಅದೂ ವಾಪಸ್ಸಾಯಿತು. ಈ ಸಲ ಎರಡು ಕಾರಣ. ಮಂಜುಗಡ್ಡೆಯ ಮೇಲೆ ಹಿಡಿಕೆಯಿರುವ ಗುಂಡುಕಲ್ಲು ತಳ್ಳುವ ಅವರ ಒಂದು ಆಟಕ್ಕೆ ಹೊಸದುರ್ಗದವಳು ಹೀಗೆ ಸಾರಾಂಶ ಬರೆದಿದ್ದಳು: ‘ನೆಲ ಗುಡಿಸುವ ಸ್ಪರ್ಧೆ. ಒಬ್ಬನು ಕಲ್ಲು ತಳ್ಳುತ್ತಾನೆ, ಅದು ಹೋಗುವ ದಾರಿಯನ್ನು ಇಬ್ಬರು ಅವಸರದಲ್ಲಿ ಗುಡಿಸುತ್ತಾರೆ. ಗೆದ್ದವರು ಯಾರೆಂದು ತಿಳಿಯಲಿಲ್ಲ. ನೆಲ ಮೊದಲೇ ಸ್ವಚ್ಛವಾಗಿತ್ತು.’ ಇನ್ನೊಂದು ನನ್ನದೇ ತಪ್ಪು. ಕುರಿ ಕಾಯುವ ನಾಯಿಗಳ ಪಂದ್ಯವೊಂದಕ್ಕೆ ನಾನು, ‘ನಾಯಿಯೊಂದು ಕುರಿಗಳನ್ನು ಹೆದರಿಸುತ್ತಿದೆ. ಮಾಲೀಕ ಸೀಟಿ ಹೊಡೆದು ಕರೆದರೂ ಬರುತ್ತಿಲ್ಲ. ಆದರೂ ಜನ ಚಪ್ಪಾಳೆ ತಟ್ಟುತ್ತಾರೆ’ ಎಂದು ಬರೆದಿದ್ದೆ. ಪರಿಶೀಲಕಿ ಅದರ ಕೆಳಗೆ, ನಾಯಿ ಪ್ರತಿಯೊಂದು ಸೀಟಿಗೂ ಸರಿಯಾಗಿ ತಿರುಗುತ್ತಿದೆ, ದಯವಿಟ್ಟು ಕುರಿ ಗೊತ್ತಿರುವ ಯಾರಿಗಾದರೂ ತೋರಿಸಿ ಎಂದು ಬರೆದಿದ್ದಳು.

ಅದು ವ್ಯಂಗ್ಯವಿರಬಹುದೆಂದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ. ಆವತ್ತು ನಾನು ಅದನ್ನು ಸೂಚನೆಯೆಂದೇ ಓದಿಕೊಂಡೆ. ಹೊರಕೆರೆದೇವಪುರದ ಕಡೆಯಿಂದ ಬರುವ ಹುಡುಗಿಯ ಮನೆಯವರು ಕುರಿ ಸಾಕುವವರು. ಯಾರಾದರೂ ಸಿಗುತ್ತಾರೇನಮ್ಮ ಎಂದು ಕೇಳಿದೆ. ಅವಳ ದೊಡ್ಡಪ್ಪ ಬರುತ್ತಾರೆ, ಆದರೆ ಮಾತು ಸ್ವಲ್ಪ ಜಾಸ್ತಿ ಎಂದಳು.

ಹೊರಗಿನವರನ್ನು ಒಳಗೆ ಬಿಡಲು ಅಪ್ಪಣೆ ಬೇಕಿತ್ತು. ಕುರಿಯ ವಿಷಯದಲ್ಲಿ ಒಬ್ಬ ತಜ್ಞರ ಸಲಹೆ ಬೇಕಾಗಿದೆ ಎಂದು ಮ್ಯಾನೇಜರಿಗೆ ಬರೆದೆ. ಅವರು ಖುಷಿಯಾಗಿ, ಪ್ರೊಫೆಸರಿಂದ ಗುಟ್ಟಿನ ಕರಾರಿಗೆ ಸಹಿ ಹಾಕಿಸಿಕೊಳ್ಳಿ ಎಂದು ಉತ್ತರಿಸಿದರು. ಪ್ರೊಫೆಸರ್ ಎಂಬ ಶಬ್ದ ನಾನು ಬರೆದಿರಲಿಲ್ಲ. ತಿದ್ದಲೂ ಹೋಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದು ದೊಡ್ಡಪ್ಪ ಮೆಟ್ಟಿಲು ಹತ್ತಿ ಬಂದರು. ಕೋಲನ್ನೂ ಫೋನನ್ನೂ ಪೆಟ್ಟಿಗೆಯ ಬಳಿ ಬಿಡಿಸಿದೆವು. ಕಂಬಳಿ ಬಿಡಲು ಒಪ್ಪಲಿಲ್ಲ. ಕರಾರನ್ನು ಓದಿ ಹೇಳಿದೆ: ಇಲ್ಲಿ ನೋಡಿದ್ದನ್ನು ಹೊರಗೆ ಯಾರಿಗೂ ಹೇಳುವಂತಿಲ್ಲ.

‘ಯಾರಿಗೆ ಹೇಳ್ಲಿ ತಾಯಿ, ಕುರಿಗಾ?’ ಎಂದು ಸಹಿ ಹಾಕಿದರು.

ನಾಯಿಯ ಪಂದ್ಯ ಹಾಕಿದೆವು. ಒಂದು ಸಲ ಸುಮ್ಮನೆ ನೋಡಿದರು. ಎರಡನೆಯ ಸಲ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಆ ನಾಯಿ ಬೊಗಳುವುದಿಲ್ಲ, ಕಚ್ಚುವುದಿಲ್ಲ, ಕಣ್ಣಿನಲ್ಲೇ ಕುರಿಯನ್ನು ಹಿಡಿದಿದೆ. ನಮ್ಮ ನಾಯಿ ಇರುವುದು ತೋಳ ಓಡಿಸಲು, ಇವರದು ಕುರಿ ತಿರುಗಿಸಲು ಎಂದು ವಿವರಿಸಿದರು. ಮೂರನೆಯ ಸಲಕ್ಕೆ ಸೀಟಿಯ ಲೆಕ್ಕ ಬಿಡಿಸಿಬಿಟ್ಟರು. ಉದ್ದನೆಯದಕ್ಕೆ ನಿಲ್ಲಬೇಕು, ಗಿಡ್ಡದಕ್ಕೆ ಎಡಕ್ಕೆ, ಏರಿ ಇಳಿಯುವುದಕ್ಕೆ ಬಲಕ್ಕೆ. ನಮಗೆ ಅರ್ಥವಾಗಲಿ ಎಂದು ನಾಲ್ಕು ಬೆರಳು ಬಾಯಿಗಿಟ್ಟು ತಾವೇ ಊದಿ ತೋರಿಸಿದರು. ಕೆಳಗೆ ಮೋಟಾರ್ ಕೆಲಸ ನಿಂತಿತು. ವೈಂಡಿಂಗ್ ಮಾಡುವ ಇಬ್ಬರು ಮೇಲೆ ಓಡಿ ಬಂದು, ಏನಾದರೂ ಬೆಂಕಿ ಹತ್ತಿಕೊಂಡಿತಾ ಎಂದು ಕೇಳಿದರು.

ಅದೇ ಫೈಲಿನಲ್ಲಿ ಐದು ಕುರಿಗಳಿದ್ದವು. ದೊಡ್ಡಪ್ಪ ಬೆರಳಿಟ್ಟು, ಈ ಕಪ್ಪು ಮೂತಿಯದು ಕಳ್ಳ ಕುರಿ, ಇದು ಕೈ ಕೊಡುತ್ತದೆ ಎಂದರು. ಎರಡು ನಿಮಿಷದ ನಂತರ, ಬೇಲಿಯ ಬಾಯಿಯ ಹತ್ತಿರ, ಅದೇ ಕುರಿ ತಪ್ಪಿಸಿಕೊಂಡು ಓಡಿತು. ಏಳು ಜನ ಹೆಂಗಸರೂ ಒಟ್ಟಿಗೆ ಕೂಗಿದೆವು. ಮೋಟಾರ್ ಅಂಗಡಿಯವರು ಈ ಸಲ ಬರಲಿಲ್ಲ.

ಆ ವಾರವೆಲ್ಲ ಅವರು ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೋಗುತ್ತಿದ್ದರು. ಮೂರನೆಯ ಬ್ಯಾಚಿನಲ್ಲಿ ಕುರಿಯ ಫೈಲುಗಳು ಬೇಕಾದಷ್ಟಿದ್ದವು. ಆದರೆ ಅದರಲ್ಲಿ ನಮ್ಮನ್ನು ಕಾಡುತ್ತಿದ್ದದ್ದು ಕುರಿಯಲ್ಲ, ಮಾತು. ಪಶ್ಚಿಮದ ದ್ವೀಪಗಳಲ್ಲಿ ತೆಗೆದ ನಲವತ್ತಕ್ಕೂ ಹೆಚ್ಚು ಫೈಲುಗಳಿದ್ದವು. ಮೀನು ಹಿಡಿಯುವವರು, ಮುದುಕಿಯರು, ಚರ್ಚಿನ ಹಾಡು. ಭಾಷೆಯ ಕಾಲಂನಲ್ಲಿ ಯಂತ್ರ ಮೊದಲೇ ‘ಇಂಗ್ಲಿಷ್’ ಎಂದು ತುಂಬಿತ್ತು. ಮಾತನ್ನೂ ಬರೆದಿತ್ತು. ಅದರ ಪ್ರಕಾರ ದೋಣಿಯಲ್ಲಿ ಕೂತ ಒಬ್ಬ ಮುದುಕ ಕ್ಯಾಮೆರಾ ನೋಡಿ ಗಂಭೀರವಾಗಿ, ‘ನನ್ನ ಚಿಕ್ಕಮ್ಮನ ಛತ್ರಿ ಬುಧವಾರ ಕಾಲೇಜಿಗೆ ಹೋಗಿದೆ’ ಎಂದಿದ್ದ. ನಾವು ಅದನ್ನು ಇಪ್ಪತ್ತು ಸಲ ಕೇಳಿದೆವು. ಛತ್ರಿ ಕೇಳಿಸಿದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಕೊನೆಗೆ ಹೊಸದುರ್ಗದವಳು, ‘ಮುದುಕನು ತನ್ನ ಚಿಕ್ಕಮ್ಮನ ಛತ್ರಿಯ ಬಗ್ಗೆ ಚಿಂತಿತನಾಗಿದ್ದಾನೆ’ ಎಂದು ಬರೆದಳು. ಇದು ಬರೀ ಉಚ್ಚಾರಣೆಯ ಕಷ್ಟ, ಕೇಳುತ್ತ ಕೇಳುತ್ತ ಕಿವಿ ಪಳಗುತ್ತದೆ ಎಂದು ನಾನು ಎಲ್ಲರಿಗೂ ಧೈರ್ಯ ಹೇಳುತ್ತಿದ್ದೆ.

ಗುರುವಾರ ಬೆಳಿಗ್ಗೆ, ಅಂಥದೇ ಒಂದು ದ್ವೀಪದ ಫೈಲಿನಲ್ಲಿ ಕುರಿ ಉಣ್ಣೆ ಕತ್ತರಿಸುವ ದೃಶ್ಯವಿತ್ತೆಂದು ದೊಡ್ಡಪ್ಪನಿಗೆ ತೋರಿಸಿದೆ. ಅವರು ಹೆಡ್‌ಫೋನ್ ಹಾಕಿಕೊಂಡು ನೋಡುತ್ತಿದ್ದವರು ಅದನ್ನು ತೆಗೆದು ಕೇಳಿದರು.

‘ಇವನು ಹೆಂಡ್ತಿ ಕುಟೆ ಒಂದು ಭಾಷೆ ಮಾತಾಡ್ತಾನೆ, ಕ್ಯಾಮೆರಾದವನ ಕುಟೆ ಒಂದು ಭಾಷೆ ಮಾತಾಡ್ತಾನೆ. ಅದ್ಯಾಕೆ?’

ಎಲ್ಲವೂ ಇಂಗ್ಲಿಷೇ ಯಜಮಾನರೇ, ಹಳ್ಳಿ ಇಂಗ್ಲಿಷು, ಅದಕ್ಕೆ ಹಾಗೆ ಕೇಳಿಸುತ್ತದೆ ಎಂದೆ.

‘ನಂಗೆ ಇಂಗ್ಲಿಷ್ ಒಂದಕ್ಷರ ಬರಲ್ಲ ತಾಯಿ. ಅಂದ್ಮೇಲೆ ನಂಗೆ ಎರಡೂ ಒಂದೇ ಥರ ಕೇಳ್ಬೇಕಿತ್ತು. ಕೇಳ್ತಿಲ್ಲ. ನೀವು ಇಂಗ್ಲಿಷ್ ಓದ್ಕಂಡಿರಾದೇ ತೊಡಕಾಗೈತೆ.’

ಕುರಿ ಹೊಡೆದುಕೊಂಡು ಅವರು ಆಂಧ್ರದ ಗಡಿಯವರೆಗೆ ನಡೆದವರು. ಎಲ್ಲಿ ಕನ್ನಡ ಮುಗಿದು ತೆಲುಗು ಶುರುವಾಗುತ್ತದೆ ಎಂದು ಕಿವಿಯಲ್ಲೇ ತಿಳಿದವರು. ನಾನು ಹೆಡ್‌ಫೋನ್ ಇಸಿದುಕೊಂಡು, ಅರ್ಥ ಹುಡುಕದೆ, ಬರೀ ಸದ್ದನ್ನು ಕೇಳಿದೆ. ಐದು ನಿಮಿಷ ಸಾಕಾಯಿತು. ಗಂಟಲಿನಿಂದ ಬರುವ ಆ ಮಾತಿನಲ್ಲಿ ಇಂಗ್ಲಿಷಿನದು ಎನ್ನುವಂಥದ್ದು ಟ್ರ್ಯಾಕ್ಟರ್ ಎಂಬ ಒಂದೇ ಶಬ್ದ. ನಾನು ನಾಲ್ಕು ದಿನದಿಂದ ಆರು ಜನರಿಗೆ ಇಲ್ಲದ ಛತ್ರಿ ಹುಡುಕಲು ಹೇಳುತ್ತಿದ್ದೆ.

ಹೊರಗೆ ಹೋಗಿ ಪೆಟ್ಟಿಗೆಯಿಂದ ಫೋನ್ ತೆಗೆದು ನೋಡಿದೆ. ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಗೇಲಿಕ್ ಎಂಬ ಹಳೆಯ ಭಾಷೆಯೊಂದಿದೆ ಎಂದು ಅದರಲ್ಲಿತ್ತು. ಇದು ಅದೇ ಎಂದು ಹೇಳುವಷ್ಟು ನನಗೆ ಗೊತ್ತಿರಲಿಲ್ಲ. ಅಲ್ಲಿಂದಲೇ ಮ್ಯಾನೇಜರಿಗೆ ಫೋನ್ ಮಾಡಿದೆ. ಶುಕ್ರವಾರ ಸಂಜೆಗೆ ಬ್ಯಾಚು ಹೋಗಲೇಬೇಕು, ಯಂತ್ರ ಬರೆದದ್ದನ್ನು ಹಾಗೇ ಬಿಡಿ, ಆಕೆ ಹತ್ತಕ್ಕೊಂದು ಮಾತ್ರ ನೋಡುವುದು, ಅಳಿಸಿ ಖಾಲಿ ಬಿಟ್ಟರೆ ಕೆಲಸ ಮುಗಿದಿಲ್ಲ ಎಂದು ಸಿಸ್ಟಂ ತೋರಿಸುತ್ತದೆ, ಮೂರನೇ ಸಲ ವಾಪಸ್ಸಾದರೆ ನನ್ನನ್ನು ಕೇಳಬೇಡಿ ಎಂದರು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಒಳಗೆ ಬಂದು ಎಲ್ಲರಿಗೂ ಇದ್ದದ್ದನ್ನು ಹೇಳಿದೆ. ಇದು ನನ್ನೊಬ್ಬಳ ಕೆಲಸವಲ್ಲ, ಏಳು ಜನರದು. ಬಿಟ್ಟುಬಿಡೋಣವೇ ಎಂದು ಕೇಳಿದೆ. ಹೊಸದುರ್ಗದವಳು ಕೀಬೋರ್ಡ್ ಒರೆಸುತ್ತ ಕೂತಳು. ಉತ್ತರ ಕೊಟ್ಟವಳು ಹಿರಿಯೂರಿನವಳು. ಅವಳ ಮನೆಮಾತು ತೆಲುಗು.

‘ನಮ್ಮಜ್ಜಿ ಮಾತಾಡಾದ್ನ ಯಾರಾದ್ರೂ ಕೆಟ್ಟ ಕನ್ನಡ ಅಂತ ಬರ್ದಿಟ್ಟಿದ್ರೆ ನಮ್ಮಜ್ಜಿ ಅವರ ಮನೆ ಮುಂದೆ ಹೋಗಿ ಕುಂತ್ಕಳೋಳು,’ ಎಂದಳು. ‘ಅಳಿಸಾಣ ಮೇಡಂ.’

ಅಳಿಸಿದೆವು. ಛತ್ರಿ ಹೋಯಿತು, ಕಾಲೇಜು ಹೋಯಿತು, ಒಬ್ಬ ಮುದುಕಿ ಹಾಡಿದ್ದಾಳೆಂದು ಯಂತ್ರ ಬರೆದಿದ್ದ ‘ಓ ಬ್ಯಾಂಕಿನ ಕೋಳಿಯೇ’ ಎಂಬ ಸಾಲೂ ಹೋಯಿತು. ಅದು ಹೋದದ್ದಕ್ಕೆ ಒಬ್ಬಿಬ್ಬರಿಗೆ ಬೇಜಾರೂ ಆಯಿತು. ಪ್ರತಿ ಫೈಲಿನಲ್ಲೂ, ‘ಮಾತು ಇಂಗ್ಲಿಷ್ ಅಲ್ಲ. ಗೇಲಿಕ್ ಇರಬಹುದು, ನಮಗೆ ಖಚಿತವಿಲ್ಲ’ ಎಂದು ಬರೆದು, ಕಣ್ಣಿಗೆ ಕಂಡದ್ದನ್ನು ಮಾತ್ರ ಕೆಳಗೆ ಸೇರಿಸಿದೆವು. ದೊಡ್ಡಪ್ಪ ಮಧ್ಯಾಹ್ನದ ಬಸ್ಸು ಬಿಟ್ಟು ಕೂತರು. ಗಾಳಿ ಯಾವ ಕಡೆಯಿಂದಿದೆ, ಹುಲ್ಲು ಒಣಗಿದ್ದೋ ಹಸಿಯದೋ, ಜಗಳ ಮಾಡುತ್ತಿರುವ ಇಬ್ಬರಲ್ಲಿ ಕುರಿ ಯಾರದು ಎಂದು ಅವರು ಹೇಳುತ್ತ ಹೋದರು, ತಮ್ಮನ ಮಗಳು ಇಂಗ್ಲಿಷ್ ಮಾಡಿ ಒತ್ತುತ್ತ ಹೋದಳು. ಮುದುಕನ ದೋಣಿಗೆ ಬಂದಾಗ, ನನಗೆ ನೀರಿನ ವಿಷಯ ಗೊತ್ತಿಲ್ಲ ಎಂದು ಕೈ ಮುಗಿದರು. ಸಲಹೆ ನೀಡಿದವರು ಎಂಬ ಕಾಲಂನಲ್ಲಿ ‘ಕುರಿಗಾಹಿ, ಹೊರಕೆರೆದೇವಪುರದ ಕಡೆಯವರು’ ಎಂದು ತುಂಬಿದೆ.

ಶುಕ್ರವಾರ ಬ್ಯಾಚು ಹೋಯಿತು. ದ್ವೀಪದ ಅಷ್ಟೂ ಫೈಲುಗಳ ಎದುರು ಕೆಂಪು ಬಣ್ಣದಲ್ಲಿ ‘ಅಪೂರ್ಣ’ ಎಂದು ಮೂಡಿತು. ಮ್ಯಾನೇಜರು ಫೋನ್ ಮಾಡಿ ಒಂದು ಉಸಿರು ಬಿಟ್ಟು ಇಟ್ಟರು. ಆ ಐದು ದಿನ ನಮಗೆ ಮಾಡಲು ಕೆಲಸವಿರಲಿಲ್ಲ. ಒಬ್ಬಳು ಬೇರೆ ಕಡೆ ಅರ್ಜಿ ಹಾಕಿದಳು. ನಾನು ಗೋಡೆಯ ಹಾಳೆಯನ್ನು ಕಿತ್ತು, ಮತ್ತೆ ಅಂಟಿಸಿದೆ.

ಉತ್ತರ ಬುಧವಾರ ಬಂತು. ಮೊದಲ ಸಲ ಅದು ಒಂದೆರಡು ಸಾಲಿಗಿಂತ ಉದ್ದವಿತ್ತು. ಅದು ಗೇಲಿಕ್ಕೇ. ಆ ಟೇಪುಗಳು ನಮಗಿಂತ ಮೊದಲು ಇನ್ನೊಂದು ಕಡೆ ಹೋಗಿ, ‘ಅಸ್ಪಷ್ಟ ಇಂಗ್ಲಿಷ್’ ಎಂಬ ಹಣೆಪಟ್ಟಿ ಹೊತ್ತು ಬಂದಿದ್ದವಂತೆ. ಹಾಗೇ ಉಳಿದಿದ್ದರೆ ಇನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. ಈಗ ಆ ಭಾಷೆ ಬಲ್ಲವರ ಬಳಿಗೆ ಹೋಗುತ್ತವೆ. ತನ್ನ ಅಜ್ಜಿಯ ಮಾತು ಅದು, ತನಗೆ ಬರುವುದಿಲ್ಲ ಎಂದೂ ಬರೆದಿದ್ದಳು. ಅದರ ಕೆಳಗೆ ಇಪ್ಪತ್ತಮೂರು ತಿದ್ದುಪಡಿಗಳಿದ್ದವು. ಮೀನು ಬಲೆಯನ್ನು ನಾವು ವಾಲಿಬಾಲ್ ನೆಟ್ ಎಂದು ಬರೆದಿದ್ದೆವು. ಆದರೂ ಬ್ಯಾಚು ಪಾಸಾಗಿತ್ತು. ಕೊನೆಯ ಸಾಲಿನಲ್ಲಿ ಸಲಹೆಗಾರರ ವಿದ್ಯಾರ್ಹತೆ ಕೇಳಿದ್ದಳು. ಹತ್ತನೇ ವಯಸ್ಸಿನಿಂದ ಕುರಿಯ ಹಿಂದೆ ನಡೆದಿದ್ದಾರೆ ಎಂದು ಬರೆದೆ. ಸಾಕು ಎಂದು ಉತ್ತರ ಬಂತು.

ಮ್ಯಾನೇಜರು ಮಾತ್ರ ಇನ್ನೂ ಪ್ರೊಫೆಸರರ ಗುಂಗಿನಲ್ಲೇ ಇದ್ದರು. ಬೆಂಗಳೂರಿನ ಸಿಬ್ಬಂದಿಗೆ ಅವರಿಂದ ಆನ್‌ಲೈನಿನಲ್ಲಿ ಒಂದು ಉಪನ್ಯಾಸ ಕೊಡಿಸಬಹುದೇ ಎಂದು ಕೇಳಿದರು. ಅವರು ಕುರಿ ಹೊಡೆದುಕೊಂಡು ಹಿರಿಯೂರಿನ ಕಡೆ ಹೋಗಿದ್ದಾರೆ ಎಂದೆ. ಫೀಲ್ಡ್‌ವರ್ಕಾ ಎಂದರು. ಹೌದು ಎಂದೆ.

ಹೀಗೆ ಆ ವರ್ಷ ಸಾಗಿತು. ಬೇಸಗೆ ಬಂದು, ಅಂದರೆ ಅವರು ಬೇಸಗೆ ಎನ್ನುವ ಮಳೆ ಬಂದು, ಹೋಯಿತು. ಡಿಸೆಂಬರಿನ ಕೊನೆಯ ದಿನದ ಗದ್ದಲ, ಬ್ಯಾಗ್‌ಪೈಪಿನ ಕುಣಿತ ಎಲ್ಲ ಮುಗಿದ ಮೇಲೆ ಒಂದು ಚಿಕ್ಕ ಬ್ಯಾಚು ಉಳಿದಿತ್ತು. ತೇವಕ್ಕೆ ಹಾಳಾಗಿದ್ದ ಕೆಲವು ಟೇಪುಗಳನ್ನು ಅಲ್ಲಿ ತೊಳೆದು ಒಣಗಿಸಿ, ಸಿಕ್ಕಷ್ಟನ್ನು ಕಳಿಸಿದ್ದರು. ಅದರಲ್ಲೊಂದು ಏಪ್ರಿಲ್ ತಿಂಗಳದ್ದು. ಶಬ್ದ ಪೂರ್ತಿ ಹೋಗಿತ್ತು, ಚಿತ್ರ ಮಾತ್ರ. ಕೊಟ್ಟಿಗೆಯಲ್ಲಿ ಒಂದು ಹೆಣ್ಣು ಕುರಿ. ಒಬ್ಬ ಮನುಷ್ಯ ಪುಟ್ಟ ಮರಿಗೆ ಬಿಳಿ ಕೋಟಿನಂಥದ್ದೇನನ್ನೋ ತೊಡಿಸಿ ಕುರಿಯ ಮುಂದೆ ಬಿಡುತ್ತಾನೆ. ‘ಚಳಿಗೆ ಮರಿಗೆ ಕೋಟು ಹಾಕುತ್ತಿದ್ದಾರೆ’ ಎಂದು ಹೊಸದುರ್ಗದವಳು ಬರೆದಿದ್ದಳು. ಯಾಕೋ ಅನುಮಾನವಾಗಿ, ಊರಿಗೆ ವಾಪಸ್ಸಾಗಿದ್ದ ದೊಡ್ಡಪ್ಪನನ್ನು ಕರೆಸಿದೆವು.

ಅವರು ನೋಡಿ ಮರಿಯ ಬೆನ್ನಿನ ಮೇಲೆ ಬೆರಳಿಟ್ಟರು.

‘ಕೋಟಲ್ಲ ಕಣಮ್ಮ. ಆ ತಾಯಿಕುರಿದು ಸ್ವಂತ ಮರಿ ಸತ್ತೋಗೈತೆ. ಅದರ ಚರ್ಮ ಸುಲಿದು ಈ ತಬ್ಬಲಿ ಮರಿಗೆ ಹೊದಿಸ್ಯಾನೆ. ತಾಯಿ ಮೂಸಿ ನೋಡಿ, ನಂದೇ ಅಂತ ಹಾಲು ಕೊಡ್ಲಿ ಅಂತ.’

ಕುರಿ ಮರಿಯನ್ನು ಮೂಸುತ್ತಿತ್ತು. ಒಮ್ಮೆ ತಲೆಯಿಂದ ದೂಡಿತು. ಮತ್ತೆ ಮೂಸಿತು. ಮರಿ ಹೊಟ್ಟೆಯ ಕೆಳಗೆ ತೂರಿತು. ಅಷ್ಟರಲ್ಲಿ ಪರದೆಯ ತುಂಬ ಗೆರೆ ಬಂದು ಟೇಪು ಮುಗಿಯಿತು. ಅದು ಒಪ್ಪಿಕೊಂಡಿತೋ ಇಲ್ಲವೋ ಗೊತ್ತಾಗಲಿಲ್ಲ ಎಂದು ಬರೆಯಬೇಕಲ್ಲ ಎಂದು ಹೊಸದುರ್ಗದವಳು ಮೆಲ್ಲಗೆ ಹೇಳಿದಳು. ದೊಡ್ಡಪ್ಪ ಹಿಂದಕ್ಕೆ ಓಡಿಸಲು ಹೇಳಿದರು. ನಿಧಾನಕ್ಕೆ ಬಿಡಿ ಎಂದರು. ಕೊನೆಯ ಎರಡು ಸೆಕೆಂಡಿನಲ್ಲಿ ಮರಿಯ ಬಾಲವೊಂದೇ ಕಾಣುತ್ತಿತ್ತು, ಅದು ಪಟಪಟ ಬಡಿದುಕೊಳ್ಳುತ್ತಿತ್ತು. ಬಾಯಿಗೆ ಹಾಲು ಬಿದ್ದ ಮರಿ ಮಾತ್ರ ಹಾಗೆ ಬಾಲ ಆಡಿಸುತ್ತದೆ ಎಂದರು. ತಾಯಿ ಮರಿಯನ್ನು ಒಪ್ಪಿಕೊಂಡಿತು ಎಂದು ಹೊಸದುರ್ಗದವಳೇ ತಿದ್ದಿ ಬರೆದಳು.

ದೊಡ್ಡಪ್ಪ ಏಳಲಿಲ್ಲ. ತಮ್ಮ ಅಜ್ಜನೂ ಹೀಗೇ ಮಾಡುತ್ತಿದ್ದ, ಅಷ್ಟು ದೂರದ ಈ ಜನಕ್ಕೆ ಇದನ್ನು ಯಾರು ಹೇಳಿಕೊಟ್ಟರು, ಸ್ವಲ್ಪ ಕೇಳಿ ನೋಡಿ ಎಂದರು. ಷರಾ ಬರೆಯುವ ಜಾಗದಲ್ಲಿ ಅಜ್ಜನ ವಿಷಯವನ್ನೂ ಅವರ ಪ್ರಶ್ನೆಯನ್ನೂ ಹಾಗೇ ಬರೆದು ಬ್ಯಾಚು ಕಳಿಸಿದೆ.

ಪರಿಶೀಲಕಿ ಅದನ್ನು ದ್ವೀಪದಲ್ಲಿ ಗೇಲಿಕ್ ಫೈಲುಗಳನ್ನು ನೋಡುತ್ತಿದ್ದವನಿಗೆ ಕಳಿಸಿದಳಂತೆ. ಅವನು ತನ್ನ ಊರಿನ ಒಬ್ಬ ಹಿರಿಯ ಕುರಿಗಾಹಿಗೆ ಓದಿ ಹೇಳಿದನಂತೆ. ಉತ್ತರ ಬರಲು ಎರಡು ವಾರ ಹಿಡಿಯಿತು. ಹುಡುಗಿ ದೊಡ್ಡಪ್ಪನನ್ನು ಕರೆದುಕೊಂಡು ಬಂದಳು. ಆ ಕುರಿಗಾಹಿಯ ಉತ್ತರವನ್ನು ಓದಿದೆ: ‘ನಾನೂ ಅವನನ್ನು ಅದನ್ನೇ ಕೇಳಬೇಕೆಂದಿದ್ದೆ.’

ಇನ್ನೊಂದು ಸಲ ಓದಿ ಎಂದರು. ಓದಿದೆ. ಇದನ್ನು ಅವನು ಯಾವ ಭಾಷೆಯಲ್ಲಿ ಹೇಳಿದ್ದು ಎಂದು ಕೇಳಿದರು. ಅವನು ಅವನ ಮಾತಿನಲ್ಲಿ ಹೇಳಿದ, ಅಲ್ಲಿಯವರು ಅದನ್ನು ಇಂಗ್ಲಿಷಿಗೆ ತಂದರು, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ ಎಂದೆ.

ದೊಡ್ಡಪ್ಪ ಕಂಬಳಿ ಹೆಗಲಿಗೇರಿಸಿ ಎದ್ದರು.

‘ಮೂರು ಭಾಷೆ ದಾಟಿ ಬಂದ್ರೂ ಮಾತು ಕೆಟ್ಟಿಲ್ಲ ನೋಡ್ರಿ,’ ಎಂದು ಮೆಟ್ಟಿಲಿಳಿದರು.